ಬೆಂಗಳೂರಿನಿಂದ ದುಬೈ ಶಾಲೆಗೆ: ಒಬ್ಬ ಭೌತಶಾಸ್ತ್ರ ಟೀಚರ್ ಕೆಲಸ ಹುಡುಕಿದ ಕಥೆ

ದುಬೈಗೆ ಬಂದ ಮೇಲೆ ಊರಿನ ಟೀಚರ್ ಗೆಳತಿಯರು ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ ಒಂದೇ. "ನಿಮ್ಮ ಏಜೆಂಟ್ ಯಾರು? ನಂಬರ್ ಕೊಡ್ತೀರಾ?" ಏಜೆಂಟ್ ಯಾರೂ ಇರಲಿಲ್ಲ ಅಂದರೆ ನಂಬುವುದಿಲ್ಲ. ಏನೋ ಮುಚ್ಚಿಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅದಕ್ಕೇ ನಡೆದದ್ದನ್ನೆಲ್ಲ ಬರೆದುಬಿಡೋಣ ಅನಿಸಿತು. ನನ್ನ ಅನುಭವದಲ್ಲಿ ಹೊರದೇಶದ ಇಂಟರ್‌ನ್ಯಾಷನಲ್ ಶಾಲೆಯ ಬಾಗಿಲು ತೆರೆದದ್ದು ಅರ್ಜಿ ಹಾಕಿದ ದಿನ ಅಲ್ಲ. ಅದಕ್ಕೂ ಕೆಲವು ವರ್ಷ ಮೊದಲು, ಬೆಂಗಳೂರಿನಲ್ಲೇ ನಾನು ಶಾಲೆ ಬದಲಾಯಿಸಿದಾಗ.

ನಾನು ಎಂ.ಎಸ್ಸಿ ಮಾಡಿದ್ದು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ. ಬಿ.ಎಡ್ ಮುಗಿಸಿ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಸ್ಟೇಟ್ ಸಿಲಬಸ್ ಕಲಿಸಿದೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಒಂದು ಸಿಬಿಎಸ್‌ಇ ಶಾಲೆ. ಮಗಳು ಹುಟ್ಟಿದಾಗ ಒಂದು ಬಿಡುವು. ಆಮೇಲೆ ಕೇಂಬ್ರಿಡ್ಜ್ ಐಜಿಸಿಎಸ್‌ಇ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ಮಟ್ಟದ ಬ್ರಿಟಿಷ್ ಪರೀಕ್ಷೆ ಇರುವ ಶಾಲೆಗೆ ಸೇರಿದೆ. 2023ರ ಆಗಸ್ಟ್‌ನಿಂದ ದುಬೈನ ಒಂದು ಬ್ರಿಟಿಷ್ ಪಠ್ಯಕ್ರಮದ ಶಾಲೆಯಲ್ಲಿ ಫಿಸಿಕ್ಸ್ ಕಲಿಸುತ್ತಿದ್ದೇನೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ದುಬೈನಲ್ಲಿ ಶಾಲೆ ಅಂದರೆ ಎಲ್ಲ ಒಂದೇ ಥರ ಅಲ್ಲ. ನಮ್ಮ ಸಿಬಿಎಸ್‌ಇ ಕಲಿಸುವ ಭಾರತೀಯ ಶಾಲೆಗಳು ಬಹಳ ಇವೆ. ಅವುಗಳ ವರ್ಷ ನಮ್ಮಂತೆಯೇ ಏಪ್ರಿಲ್‌ನಲ್ಲಿ ಶುರು. ಅಲ್ಲಿಗೆ ಸೇರುವುದು ಸ್ವಲ್ಪ ಸುಲಭ, ಸಂಬಳ ಸಾಮಾನ್ಯವಾಗಿ ಕಡಿಮೆ. ಇನ್ನೊಂದು ಕಡೆ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು, ಐಬಿ ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳು, ಅಮೆರಿಕನ್ ಶಾಲೆಗಳು. ಇವುಗಳ ವರ್ಷ ಆಗಸ್ಟ್ ಕೊನೆಯಲ್ಲಿ ಶುರುವಾಗುತ್ತದೆ. ದುಬೈನ ಖಾಸಗಿ ಶಾಲೆಗಳಲ್ಲಿ ಜಾಸ್ತಿ ಮಕ್ಕಳು ಓದುವುದು ಬ್ರಿಟಿಷ್ ಪಠ್ಯಕ್ರಮದಲ್ಲಿ, ಎರಡನೆಯ ಸ್ಥಾನ ಭಾರತೀಯ ಪಠ್ಯಕ್ರಮಕ್ಕೆ. "ದುಬೈನಲ್ಲಿ ಟೀಚರ್ ಕೆಲಸ" ಎಂದು ಹುಡುಕುವ ಮೊದಲು ಇವುಗಳಲ್ಲಿ ಯಾವ ಬಾಗಿಲು ತಟ್ಟುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು. ಬ್ರಿಟಿಷ್ ಶಾಲೆಗೆ ಸಿಬಿಎಸ್‌ಇ ಅನುಭವ ಮಾತ್ರ ಹಿಡಿದು ಅರ್ಜಿ ಹಾಕಿದರೆ ಉತ್ತರ ಬರುವುದು ಅಪರೂಪ. ನಮ್ಮ ಕಲಿಸುವಿಕೆ ಕಡಿಮೆ ಅಂತಲ್ಲ. ಆಗಸ್ಟ್‌ನಲ್ಲಿ ಬಂದವರು ಸೆಪ್ಟೆಂಬರ್‌ನಲ್ಲೇ 'ಇಯರ್ 11', ಅಂದರೆ ನಮ್ಮ ಹತ್ತನೇ ತರಗತಿಯ ಮಕ್ಕಳನ್ನು ಪರೀಕ್ಷೆಗೆ ಸಿದ್ಧ ಮಾಡಬೇಕು, ಪರೀಕ್ಷೆಯ ರೀತಿಯನ್ನು ಅವರಿಗೆ ಹೊಸದಾಗಿ ಹೇಳಿಕೊಡಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಆ ರೀತಿಯನ್ನು ನಾನು ಕಲಿತದ್ದು ಬೆಂಗಳೂರಿನಲ್ಲಿ. ಐಜಿಸಿಎಸ್‌ಇ ಫಿಸಿಕ್ಸ್‌ಗೆ 0625 ಅನ್ನುವ ಕೋಡ್. ಪಾಠದ ವಿಷಯ ನಮಗೆ ಹೊಸದಲ್ಲ. ಓಮ್‌ನ ನಿಯಮ ಎಲ್ಲಿ ಹೋದರೂ ಓಮ್‌ನ ನಿಯಮವೇ. ಬದಲಾಗುವುದು ಪ್ರಶ್ನೆ ಕೇಳುವ ರೀತಿ, ಅಂಕ ಕೊಡುವ ರೀತಿ. 'ಸ್ಟೇಟ್' ಅಂದರೆ ಒಂದು ಸಾಲು ಸಾಕು. 'ಡಿಸ್ಕ್ರೈಬ್' ಅಂದರೆ ಏನಾಗುತ್ತದೆ ಅಂತ ಹೇಳಬೇಕು. 'ಎಕ್ಸ್‌ಪ್ಲೇನ್' ಅಂದರೆ ಯಾಕೆ ಅಂತ ಹೇಳಬೇಕು. ಎಸ್‌ಎಸ್‌ಎಲ್‌ಸಿಗೆ ಪಾಠ ಮಾಡುವಾಗ ಉತ್ತರ ಉದ್ದ ಇದ್ದಷ್ಟೂ ಒಳ್ಳೆಯದು ಅಂತ ಮಕ್ಕಳಿಗೆ ಹೇಳುತ್ತಿದ್ದೆವು. ಇಲ್ಲಿ ಎರಡು ಅಂಕಕ್ಕೆ ಎರಡು ಅಂಶ. ಆ ಎರಡು ಅಂಶ ಬರದಿದ್ದರೆ ಇಡೀ ಪುಟ ಬರೆದರೂ ಸೊನ್ನೆ.

ಆರನೇ ಪೇಪರ್ ಪ್ರಯೋಗಕ್ಕೆ ಬದಲಾಗಿ ಬರೆಯುವ ಪರೀಕ್ಷೆ. ಅದರಲ್ಲಿ ಮಗು ಕೈಯಲ್ಲಿ ಉಪಕರಣ ಹಿಡಿಯುವುದಿಲ್ಲ, ಆದರೆ ಹಿಡಿದವರಿಗೆ ಮಾತ್ರ ಉತ್ತರ ಬರುತ್ತದೆ. ಅಳತೆ ಯಾಕೆ ತಪ್ಪಾಗಿರಬಹುದು ಎಂದು ಕೇಳಿದರೆ 'ಹ್ಯೂಮನ್ ಎರರ್' ಅಂತ ಬರೆದವರಿಗೆ ಅಂಕ ಇಲ್ಲ. ಸ್ಕೇಲಿನ ಮುಂದೆ ಕಣ್ಣು ನೇರ ಇರಲಿಲ್ಲ ಅಂತಲೋ, ಬಿಸಿನೀರಿನ ಲೋಟಕ್ಕೆ ಮುಚ್ಚಳ ಇರಲಿಲ್ಲ ಅಂತಲೋ ಬರೆಯಬೇಕು. ಶಿವಮೊಗ್ಗದಲ್ಲಿ ಐವತ್ತು ಮಕ್ಕಳ ಕ್ಲಾಸಿಗೆ ಮುಂದೆ ನಿಂತು ನಾನೇ ಪ್ರಯೋಗ ಮಾಡಿ ತೋರಿಸುತ್ತಿದ್ದೆ. ಬೆಂಗಳೂರಿನಲ್ಲಿ ಮಕ್ಕಳೇ ಮಾಡಬೇಕು, ನಾನು ಸುಮ್ನೆ ಇರಬೇಕು. ಅದು ಅಭ್ಯಾಸವಾಗಲು ಸಮಯ ಹಿಡಿಯಿತು. ಪರೀಕ್ಷೆ ಮುಗಿದ ಮೇಲೆ ಕೇಂಬ್ರಿಡ್ಜ್‌ನವರು ಕೊಡುವ ಎಕ್ಸಾಮಿನರ್ ರಿಪೋರ್ಟ್‌ಗಳನ್ನು ರಾತ್ರಿ ಕೂತು ಓದುತ್ತಿದ್ದೆ. ಯಾವ ಪ್ರಶ್ನೆಯಲ್ಲಿ ಮಕ್ಕಳು ಎಡವಿದರು, ಯಾಕೆ ಎಡವಿದರು ಅನ್ನುವುದು ಅದರಲ್ಲಿ ಇರುತ್ತದೆ. ಮುಂದೆ ಇಂಟರ್‌ವ್ಯೂನಲ್ಲಿ ನನ್ನ ಕೈ ಹಿಡಿದದ್ದು ಈ ಓದು.

ಕೆಲಸ ಹುಡುಕಲು ಒಂದು ಕಾಲ ಇದೆ. ಆಗಸ್ಟ್‌ನಲ್ಲಿ ಶುರುವಾಗುವ ಶಾಲೆಗಳಲ್ಲಿ ಹಳೆಯ ಟೀಚರ್‌ಗಳು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅಂತ ಸಾಮಾನ್ಯವಾಗಿ ಡಿಸೆಂಬರ್ ಒಳಗೆ ಹೇಳಿಬಿಡಬೇಕು. ಹಾಗಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಜಾಹೀರಾತುಗಳು ಜಾಸ್ತಿ. ಮೇ, ಜೂನ್‌ನಲ್ಲಿ ಮತ್ತೆ ಕೆಲವು ಬರುತ್ತವೆ. ಯಾರೋ ಕೊನೆಗಳಿಗೆಯಲ್ಲಿ ಬಿಟ್ಟು ಹೋಗಿರುತ್ತಾರೆ. ನಾನು 2022ರ ನವೆಂಬರ್‌ನಲ್ಲಿ ಶುರು ಮಾಡಿದೆ. ಬ್ರಿಟಿಷ್ ಶಾಲೆಗಳ ಜಾಹೀರಾತು 'ಟೆಸ್' ಎನ್ನುವ ತಾಣದಲ್ಲಿ ಹೆಚ್ಚು. 'ಸರ್ಚ್ ಅಸೋಸಿಯೇಟ್ಸ್', 'ಐಎಸ್‌ಎಸ್', 'ಶ್ರೋಲ್' ಎಂಬ ನೇಮಕಾತಿ ಸಂಸ್ಥೆಗಳೂ ಇವೆ. ಕೆಲವಕ್ಕೆ ನೋಂದಣಿ ಶುಲ್ಕ ಉಂಟು, ಕೆಲವು ಬ್ಯಾಂಕಾಕ್‌ನಂಥ ಊರುಗಳಲ್ಲಿ ಉದ್ಯೋಗ ಮೇಳವನ್ನೂ ನಡೆಸುತ್ತವೆ. ಹೋಗಿಬರುವ ಖರ್ಚು ನನಗೆ ಆಗುವಂಥದ್ದಲ್ಲ. ಶಾಲೆಗಳ ಸ್ವಂತ ವೆಬ್‌ಸೈಟ್‌ನಲ್ಲಿರುವ ಉದ್ಯೋಗದ ಪುಟದಿಂದಲೇ ಹೆಚ್ಚಿನ ಅರ್ಜಿ ಹಾಕಿದೆ. ಜೆಮ್ಸ್, ತಾಲೀಮ್, ಆಲ್ದಾರ್ ಥರದ ದೊಡ್ಡ ಸಂಸ್ಥೆಗಳು ಹತ್ತಾರು ಶಾಲೆ ನಡೆಸುತ್ತವೆ. ಅವುಗಳ ಪುಟದಲ್ಲಿ ಒಮ್ಮೆ ಹೆಸರು ಸೇರಿಸಿದರೆ ಬೇರೆ ಬೇರೆ ಶಾಲೆಗಳಿಗೆ ಅಲ್ಲಿಂದಲೇ ಅರ್ಜಿ ಹಾಕಬಹುದು.

ಜಾಹೀರಾತಿನಲ್ಲಿ 'ನೇಟಿವ್ ಇಂಗ್ಲಿಷ್ ಸ್ಪೀಕರ್' ಅಂತ ಕಂಡ ತಕ್ಷಣ ನಮ್ಮವರು ಪುಟ ಮುಚ್ಚಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ಆ ಮಾತು ಹೆಚ್ಚಾಗಿ ಇಂಗ್ಲಿಷ್ ಭಾಷೆ ಕಲಿಸುವವರಿಗೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸುವವರಿಗೆ ಕೊಡುವ ಇ-2 ವೀಸಾ ಬಹುಮಟ್ಟಿಗೆ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶದವರಿಗೇ ಮೀಸಲು. ಥಾಯ್ಲೆಂಡ್‌ನಲ್ಲಿ ನಮ್ಮಂಥವರು ಇಂಗ್ಲಿಷ್ ಪರೀಕ್ಷೆಯ ಅಂಕ ತೋರಿಸಬೇಕಾಗುತ್ತದೆ. ಫಿಸಿಕ್ಸ್, ಗಣಿತ, ಕೆಮಿಸ್ಟ್ರಿ ಕಲಿಸುವವರ ಲೆಕ್ಕವೇ ಬೇರೆ. ಬ್ರಿಟನ್‌ನಲ್ಲೇ ಫಿಸಿಕ್ಸ್ ಟೀಚರ್‌ಗಳ ಕೊರತೆ ವರ್ಷಗಳಿಂದ ಇದೆ. ಅಲ್ಲಿಂದ ದುಬೈಗೆ ಬರುವವರು ಸಾಕಷ್ಟು ಇಲ್ಲದಿದ್ದಾಗ ಶಾಲೆಗಳು ನಮ್ಮ ಕಡೆ ನೋಡುತ್ತವೆ. ನಾನು ಕನ್ನಡ ಟೀಚರ್ ಆಗಿದ್ದರೆ, ಸಮಾಜ ವಿಜ್ಞಾನದ ಟೀಚರ್ ಆಗಿದ್ದರೆ ಈ ಕಥೆ ಹೀಗೆ ಇರುತ್ತಿರಲಿಲ್ಲ. ಅವರೂ ನನ್ನಷ್ಟೇ ಓದಿದ್ದಾರೆ, ನನಗಿಂತ ಚೆನ್ನಾಗಿ ಕಲಿಸುವವರೂ ಇದ್ದಾರೆ. ಇದನ್ನು ಹೇಳುವಾಗ ಮನಸ್ಸಿಗೆ ಕಷ್ಟವಾಗುತ್ತದೆ.

ಅರ್ಜಿ ಹಾಕಿದ ಮೇಲೆ ಬಹಳ ಕಡೆಯಿಂದ ಮೌನ. ಅದಕ್ಕೆ ಬೇಜಾರು ಮಾಡಿಕೊಂಡರೆ ಆಗುವುದಿಲ್ಲ. ಸಿವಿ ಎರಡೇ ಪುಟ. ಮೊದಲ ಪುಟದ ಮೇಲ್ಭಾಗದಲ್ಲೇ ಯಾವ ಬೋರ್ಡ್, ಯಾವ ಪೇಪರ್, ಎಷ್ಟನೇ ತರಗತಿ ಅನ್ನುವುದು ಕಾಣಬೇಕು. ತಂದೆಯ ಹೆಸರು, ಜಾತಿ, ಮದುವೆಯಾಗಿದೆಯೋ ಇಲ್ಲವೋ ಇವು ಯಾವುವೂ ಬೇಡ. ಪ್ರತಿ ಶಾಲೆಗೂ ಪತ್ರ ಬೇರೆ ಬರೆಯುತ್ತಿದ್ದೆ. ಆ ಶಾಲೆಯ ಇನ್‌ಸ್ಪೆಕ್ಷನ್ ವರದಿ ಓದಿ ಅದರಲ್ಲಿ ವಿಜ್ಞಾನ ವಿಭಾಗದ ಬಗ್ಗೆ ಏನಿದೆ ನೋಡಿ ಅದಕ್ಕೆ ತಕ್ಕಂತೆ ಬರೆದೆ. ದುಬೈನ ಖಾಸಗಿ ಶಾಲೆಗಳ ಮೇಲೆ ಕೆಎಚ್‌ಡಿಎ ಅನ್ನುವ ಸರ್ಕಾರಿ ಪ್ರಾಧಿಕಾರದ ಕಣ್ಣಿದೆ. ನಾನು ಕೆಲಸ ಹುಡುಕುವಾಗ ಅದು ಶಾಲೆಗಳನ್ನು ಪರಿಶೀಲಿಸಿ 'ಔಟ್‌ಸ್ಟ್ಯಾಂಡಿಂಗ್', 'ವೆರಿ ಗುಡ್', 'ಗುಡ್', 'ಅಕ್ಸೆಪ್ಟಬಲ್', 'ವೀಕ್', 'ವೆರಿ ವೀಕ್' ಎಂದು ದರ್ಜೆ ಕೊಡುತ್ತಿತ್ತು. ವರದಿ ಯಾರು ಬೇಕಾದರೂ ಓದಬಹುದು. ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ಮಾಹಿತಿ ಬೇರೆ ಇಲ್ಲ.

ಈ ನಡುವೆ ಪರಿಚಯದವರೊಬ್ಬರು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಕರೆದುಕೊಂಡು ಹೋದರು. ಗೋಡೆ ತುಂಬಾ ಬುರ್ಜ್ ಖಲೀಫಾ ಫೋಟೋ. ಯಾವ ಶಾಲೆ ಅಂತ ಹೇಳಲಿಲ್ಲ, ಯಾವ ತರಗತಿ ಅಂತ ಕೇಳಲಿಲ್ಲ. "ವೀಸಾ ಖರ್ಚು" ಅಂತ ಒಂದೂವರೆ ಲಕ್ಷ ಕೇಳಿದರು, ಅರ್ಧ ಈಗಲೇ ಅಂದರು. ಎದ್ದು ಬಂದೆ. ನಮ್ಮ ದೇಶದಲ್ಲಿ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್‌ಗಳು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ 30,000 ರೂಪಾಯಿ ಮತ್ತು ಜಿಎಸ್‌ಟಿ ಅನ್ನುವ ಮಿತಿ ಇದೆ. ಯುಎಇಯ 2021ರ ಕಾರ್ಮಿಕ ಕಾನೂನಂತೂ ನೇಮಕಾತಿಯ ಖರ್ಚನ್ನು ಕೆಲಸಗಾರರ ಮೇಲೆ ಹಾಕಲೇಬಾರದು ಅನ್ನುತ್ತದೆ. ನಿಜವಾದ ಶಾಲೆ ವೀಸಾ ಮಾಡಿಸಲು ನಿಮ್ಮಿಂದ ಹಣ ಕೇಳುವುದಿಲ್ಲ. ಒಡವೆ ಅಡವಿಟ್ಟು ಇಂಥವರಿಗೆ ಹಣ ಕೊಟ್ಟ ಟೀಚರ್‌ಗಳ ಕಥೆ ಕೇಳಿದ್ದೇನೆ. ದಯವಿಟ್ಟು ಕೊಡಬೇಡಿ.

ಅರ್ಜಿ ನಮೂನೆಯಲ್ಲಿ ಈಗಿನ ಪ್ರಿನ್ಸಿಪಾಲ್‌ರ ಹೆಸರು, ಶಾಲೆಯ ಇ-ಮೇಲ್ ಕೊಡಲೇಬೇಕು. ಜಿಮೇಲ್ ವಿಳಾಸ ನಡೆಯುವುದಿಲ್ಲ. ಅಂದರೆ ಕೆಲಸ ಸಿಗುವ ಮೊದಲೇ, ಬಿಡುತ್ತೇನೆ ಅಂತ ಹೇಳಬೇಕು. ನಮ್ಮ ಕಡೆ ಇದು ದೊಡ್ಡ ಸಂಕಟ. ರಾಜೀನಾಮೆ ಕೊಡುವ ದಿನದವರೆಗೆ ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಾಗಬಾರದು ಅನ್ನುವುದು ನಮ್ಮ ರೂಢಿ, ಅಲ್ವಾ? ಒಂದು ಮಧ್ಯಾಹ್ನ ಧೈರ್ಯ ಮಾಡಿ ಪ್ರಿನ್ಸಿಪಾಲ್ ರೂಮಿಗೆ ಹೋದೆ.

"ಮೇಡಂ, ಹೊರದೇಶಕ್ಕೆ ಅಪ್ಲೈ ಮಾಡ್ತಾ ಇದ್ದೀನಿ. ನಿಮ್ಮ ರೆಫರೆನ್ಸ್ ಬೇಕಾಗತ್ತೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂತ್ಕೊಳ್ಳಿ. ಮಕ್ಕಳ ಮೇ-ಜೂನ್ ಪರೀಕ್ಷೆ ಮುಗಿಸಿಯೇ ಹೋಗ್ತೀರಿ ತಾನೇ?"

"ಮುಗಿಸ್ದೆ ಹೋಗಲ್ಲ ಮೇಡಂ."

"ಹಾಗಿದ್ರೆ ಬರೀತೀನಿ. ಆದ್ರೆ ಸುಳ್ಳು ಬರೆಯಲ್ಲ. ಕರೆಕ್ಷನ್‌ನಲ್ಲಿ ನೀವು ನಿಧಾನ ಅನ್ನೋದನ್ನೂ ಬರೀತೀನಿ."

ಆ ನಮೂನೆ ನಮ್ಮ ಅನುಭವ ಪತ್ರದ ಹಾಗೆ "ಇವರ ನಡತೆ ಉತ್ತಮವಾಗಿದೆ" ಅನ್ನುವ ನಾಲ್ಕು ಸಾಲಲ್ಲ. ಮಕ್ಕಳ ಜೊತೆ ಕೆಲಸ ಮಾಡಲು ಈ ವ್ಯಕ್ತಿಯನ್ನು ಬಿಡುವುದರ ಬಗ್ಗೆ ನಿಮಗೆ ಏನಾದರೂ ಆತಂಕ ಇದೆಯೇ, ಯಾವಾಗಲಾದರೂ ದೂರು ಬಂದಿತ್ತೇ, ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ ಅಂತ ನೇರವಾಗಿ ಕೇಳುತ್ತಾರೆ. ಅದನ್ನು ಪ್ರಿನ್ಸಿಪಾಲ್ ನೇರವಾಗಿ ಆ ಶಾಲೆಗೆ ಕಳಿಸುತ್ತಾರೆ, ನಮ್ಮ ಕೈಗೆ ಕೊಡುವುದಿಲ್ಲ. ಕೆಲಸದ ನಡುವೆ ಖಾಲಿ ಬಿಟ್ಟ ತಿಂಗಳುಗಳಿದ್ದರೆ ಅದಕ್ಕೂ ಲೆಕ್ಕ ಕೊಡಬೇಕು. ಮಗಳು ಹುಟ್ಟಿದಾಗ ಮನೆಯಲ್ಲಿದ್ದೆ ಅಂತ ಬರೆದೆ. ಅಷ್ಟು ಸಾಕಾಯಿತು. ತಪ್ಪು ಮಾಡಿದವರು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಜಾರಿಕೊಂಡು ಮತ್ತೆ ಮಕ್ಕಳ ನಡುವೆ ಸೇರಬಾರದು ಅನ್ನುವುದೇ ಈ ಎಲ್ಲ ಬಿಗಿಯ ಉದ್ದೇಶ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮ ಊರಿನ ಶಾಲೆಗಳಿಗೂ ಇದು ಬರಬೇಕು.

ಫೆಬ್ರವರಿಯಲ್ಲಿ ಈಗಿನ ಶಾಲೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ಪರದೆಯ ಆ ಕಡೆ ಮೂವರು. ವಿಜ್ಞಾನ ವಿಭಾಗದ ಮುಖ್ಯಸ್ಥರು, ಒಬ್ಬ ಉಪ ಪ್ರಾಂಶುಪಾಲರು, ಎಚ್‌ಆರ್‌ನವರು. ಮೊದಲ ಪ್ರಶ್ನೆಯೇ ಫಿಸಿಕ್ಸ್ ಬಗ್ಗೆ ಇರಲಿಲ್ಲ. "ಕ್ಲಾಸ್ ಮುಗಿದ ಮೇಲೆ ಒಂದು ಮಗು ನಿಮ್ಮ ಹತ್ತಿರ ಬಂದು, 'ಮಿಸ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬಾರದು' ಅನ್ನುತ್ತದೆ. ನೀವು ಏನು ಮಾಡುತ್ತೀರಿ?"

ಇದಕ್ಕೆ ಉತ್ತರ ಗೊತ್ತಿಲ್ಲದೆ ಒಳ್ಳೊಳ್ಳೆಯ ಟೀಚರ್‌ಗಳು ಅಲ್ಲೇ ಹೊರಗುಳಿಯುತ್ತಾರೆ. ನಮಗೆ ಸಹಜವಾಗಿ ಬರುವ ಮಾತು "ಹೇಳು ಪುಟ್ಟ, ಯಾರಿಗೂ ಹೇಳಲ್ಲ" ಅನ್ನುವುದು. ಅದನ್ನು ಹೇಳಲೇಬಾರದು. ಗುಟ್ಟಾಗಿ ಇಡುತ್ತೇನೆ ಅಂತ ಮಾತು ಕೊಡಬಾರದು. ಮಗು ಹೇಳುವುದನ್ನು ಕೇಳಬೇಕು, ಕೆದಕಿ ಕೆದಕಿ ಪ್ರಶ್ನೆ ಹಾಕಬಾರದು. ಮಗು ಹೇಳಿದ ಮಾತನ್ನೇ, ಅದೇ ಪದಗಳಲ್ಲಿ ಬರೆದಿಡಬೇಕು. ಅದೇ ದಿನ ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಿಳಿಸಬೇಕು. ಸಹೋದ್ಯೋಗಿಗಳ ಜೊತೆ ಚರ್ಚೆ ಮಾಡಬಾರದು. ಬ್ರಿಟಿಷ್ ಶಾಲೆಗಳು ಇಂಗ್ಲೆಂಡ್‌ನ 'ಕೀಪಿಂಗ್ ಚಿಲ್ಡ್ರನ್ ಸೇಫ್ ಇನ್ ಎಜುಕೇಶನ್' ಅನ್ನುವ ಸರ್ಕಾರಿ ಮಾರ್ಗದರ್ಶಿಯನ್ನು ಅನುಸರಿಸುತ್ತವೆ. ಯುಎಇಯಲ್ಲಿ 2016ರ ಮಕ್ಕಳ ಹಕ್ಕುಗಳ ಕಾನೂನು ಇದೆ, ಅದನ್ನು ವದೀಮಾ ಕಾನೂನು ಅನ್ನುತ್ತಾರೆ. ಇಂಟರ್‌ವ್ಯೂಗೆ ಮೊದಲು ಈ ಎರಡನ್ನೂ ಓದಿಕೊಂಡು ಹೋಗಿ.

ಆಮೇಲೆ ಡೆಮೊ ಕ್ಲಾಸ್. ಇಪ್ಪತ್ತು ನಿಮಿಷ, ಅವರ ಶಾಲೆಯ 'ಇಯರ್ 9', ಅಂದರೆ ನಮ್ಮ ಎಂಟನೇ ತರಗತಿಯ ಮಕ್ಕಳು, ವಿಷಯ ಸರಣಿ ಮಂಡಲ. ನಾನು ಬೆಂಗಳೂರಿನ ಮನೆಯ ಊಟದ ಮೇಜಿನಲ್ಲಿ, ಅವರು ದುಬೈನ ಕ್ಲಾಸ್ ರೂಮಿನಲ್ಲಿ. ಅವರ ಮುಂದೆ ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪ್. ಕೊಲರಾಡೊ ವಿಶ್ವವಿದ್ಯಾಲಯದವರು ಮಾಡಿರುವ 'ಫೆಟ್' ಅನ್ನುವ ಉಚಿತ ಸಿಮ್ಯುಲೇಶನ್ ಇದೆ. ಅದರಲ್ಲಿ ಬ್ಯಾಟರಿ, ಬಲ್ಬು, ತಂತಿ ಎಳೆದು ಜೋಡಿಸಿ ಮಂಡಲ ಕಟ್ಟಬಹುದು. ನಾನು ಮೊದಲು ಒಂದು ಚಿತ್ರ ತೋರಿಸಿದೆ. ಒಂದು ಬ್ಯಾಟರಿ, ಒಂದು ಬಲ್ಬು, ಬಲ್ಬಿನ ಎರಡೂ ಕಡೆ ಕರೆಂಟ್ ಅಳೆಯುವ ಒಂದೊಂದು ಅಮ್ಮೀಟರ್. "ಎರಡರಲ್ಲಿ ಯಾವುದು ಜಾಸ್ತಿ ತೋರಿಸುತ್ತದೆ? ಇನ್ನೂ ಮುಟ್ಟಬೇಡಿ, ಕಾಗದದಲ್ಲಿ ಬರೆದಿಡಿ."

ಒಬ್ಬ ಹುಡುಗ ಕೈ ಎತ್ತಿ, ಬಲ್ಬಿಗೆ ಮೊದಲು ಇರುವುದೇ ಜಾಸ್ತಿ, ಬಲ್ಬು ಸ್ವಲ್ಪ ಕರೆಂಟ್ ಖರ್ಚು ಮಾಡಿಬಿಡುತ್ತದೆ ಅಂದ. ತುಂಬಾ ಜನ ತಲೆ ಆಡಿಸಿದರು. ನಾನು ತಪ್ಪು ಅನ್ನಲಿಲ್ಲ. "ಸರಿ, ಕಟ್ಟಿ ನೋಡಿ" ಅಂದೆ. ಎರಡು ನಿಮಿಷ ಮೌಸ್ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅದೇ ಹುಡುಗ, "ಮಿಸ್, ಎರಡೂ ಒಂದೇ ತೋರಿಸ್ತಿದೆ, ಇದು ಕೆಟ್ಟಿದೆ" ಅಂದ. ಪಕ್ಕದ ಹುಡುಗಿ ತನ್ನದನ್ನು ತೋರಿಸಿದಳು, ಅವಳದ್ದೂ ಒಂದೇ. "ಹಾಗಾದರೆ ಕರೆಂಟ್ ಖರ್ಚಾಗಲಿಲ್ಲ. ಮತ್ತೆ ಬಲ್ಬು ಉರಿಯಲು ಏನು ಖರ್ಚಾಯಿತು?" ಅಂತ ಕೇಳಿದೆ. ಶಕ್ತಿಯ ಮಾತಿಗೆ ಅವರೇ ಬಂದರು. ಅಷ್ಟರಲ್ಲಿ ಸಮಯ ಮುಗಿಯಿತು. ನಾನು ತಯಾರು ಮಾಡಿದ್ದ ಕೊನೆಯ ಎರಡು ಸ್ಲೈಡ್ ತೋರಿಸಲೇ ಇಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಆಮೇಲೆ ವಿಭಾಗದ ಮುಖ್ಯಸ್ಥರು ಕೇಳಿದ್ದು ಒಂದೇ. "ಆ ಹುಡುಗ ಮೊದಲು ತಪ್ಪು ಹೇಳಿದಾಗ ಯಾಕೆ ತಿದ್ದಲಿಲ್ಲ?" ತಿದ್ದಿದ್ದರೆ ಅವನು ನನ್ನ ಮಾತು ಬರೆದುಕೊಳ್ಳುತ್ತಿದ್ದ, ಮನಸ್ಸಿನಲ್ಲಿ ಹಳೆಯದ್ದೇ ಉಳಿಯುತ್ತಿತ್ತು ಅಂದೆ. ನನ್ನ ಉಚ್ಚಾರದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಆಫರ್ ಲೆಟರ್ ಬಂದಾಗ ಮನೆಯಲ್ಲಿ ಎಲ್ಲರೂ ಸಂಬಳದ ಒಟ್ಟು ಮೊತ್ತ ನೋಡಿದರು. ನಾನು ಬೇಸಿಕ್ ಎಷ್ಟು ಅಂತ ನೋಡಿದೆ. ಯುಎಇಯಲ್ಲಿ ಕೆಲಸ ಬಿಟ್ಟು ಬರುವಾಗ ಗ್ರಾಚ್ಯುಟಿ ಕೊಡುತ್ತಾರೆ. ಒಂದು ವರ್ಷ ದಾಟಿದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳ, ಅದರ ನಂತರದ ವರ್ಷಗಳಿಗೆ 30 ದಿನದ್ದು. ಆದರೆ ಅದು ಬೇಸಿಕ್ ಮೇಲೆ ಲೆಕ್ಕ. ಬೇಸಿಕ್ ಕಡಿಮೆ ಮಾಡಿ ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಅಂತ ಹಂಚಿದ್ದರೆ ಕೊನೆಯಲ್ಲಿ ಕೈಗೆ ಬರುವುದು ಕಡಿಮೆ. ಆರು ತಿಂಗಳವರೆಗೆ ಪ್ರೊಬೇಷನ್ ಇರಬಹುದು. ಮನೆ ಶಾಲೆಯೇ ಕೊಡುತ್ತದೋ, ಹಣ ಕೊಡುತ್ತದೋ? ದುಬೈ ಬಾಡಿಗೆಯನ್ನು ಮುಂಗಡ ಚೆಕ್‌ಗಳಲ್ಲಿ ಕೇಳುತ್ತಾರೆ, ಆ ಮೊದಲ ಕಂತಿಗೆ ಶಾಲೆ ಸಾಲ ಕೊಡುತ್ತದೋ? ಮಗುವಿನ ಫೀ ಪೂರ್ತಿ ಮಾಫಿಯೋ, ಅರ್ಧವೋ? ವಿಮೆ ಕುಟುಂಬಕ್ಕೂ ಉಂಟೋ, ನನಗೆ ಮಾತ್ರವೋ? ಇವೆಲ್ಲ ಇ-ಮೇಲ್‌ನಲ್ಲಿ ಕೇಳಿ ಬರಹದಲ್ಲೇ ಉತ್ತರ ಪಡೆದೆ. ಕೇಳಿದರೆ ಆಫರ್ ಹಿಂದೆ ತೆಗೆದುಕೊಂಡಾರು ಅನ್ನುವ ಭಯ ಬೇಡ. ದಿರ್ಹಮ್ ಡಾಲರಿಗೆ 3.6725ರ ದರದಲ್ಲಿ 1997ರಿಂದಲೂ ಕಟ್ಟಿಕೊಂಡಿದೆ. ರೂಪಾಯಿ ಇಳಿದರೆ ಊರಿಗೆ ಕಳಿಸುವವರಿಗೆ ಲಾಭ. ಆದರೆ ಲೆಕ್ಕವನ್ನು ರೂಪಾಯಿಯಲ್ಲಿ ಹಾಕಬೇಡಿ, ದುಬೈನ ಖರ್ಚಿನಲ್ಲಿ ಹಾಕಿ.

ಇನ್ನು ಕಾಗದಪತ್ರ. ಎಲ್ಲಕ್ಕಿಂತ ಜಾಸ್ತಿ ಓಡಾಡಿಸಿದ್ದು ಇದು.

ಹೊರದೇಶದಲ್ಲಿ ಬಳಸುವ ಪದವಿ ಪತ್ರ ಅಸಲಿ ಅಂತ ಸರ್ಕಾರಗಳು ಒಂದರ ಮೇಲೊಂದು ಮುದ್ರೆ ಹಾಕಬೇಕು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಪಾಸ್ಟಿಲ್ ಅನ್ನುವ ಒಂದೇ ಮುದ್ರೆ ಸಾಕು. ಭಾರತ 2005ರಲ್ಲಿ ಸೇರಿದೆ. ನಾನು ಹೊರಟಾಗ ಯುಎಇ ಆ ಒಪ್ಪಂದದಲ್ಲಿ ಇರಲಿಲ್ಲ. ಹಾಗಾಗಿ ಉದ್ದನೆಯ ದಾರಿಯೇ ಗತಿ. ಮೊದಲು ರಾಜ್ಯ ಸರ್ಕಾರದ ಶಿಕ್ಷಣ ಇಲಾಖೆಯ ದೃಢೀಕರಣ. ಆಮೇಲೆ ವಿದೇಶಾಂಗ ಸಚಿವಾಲಯ. ಅವರು ನಮ್ಮಿಂದ ನೇರವಾಗಿ ತೆಗೆದುಕೊಳ್ಳುವುದಿಲ್ಲ, ಗೊತ್ತುಮಾಡಿದ ಏಜೆನ್ಸಿಗಳ ಮೂಲಕ ಕೊಡಬೇಕು. ಆಮೇಲೆ ಯುಎಇ ರಾಯಭಾರ ಕಚೇರಿ. ಕೊನೆಗೆ ದುಬೈಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ. ಎಂ.ಎಸ್ಸಿಗೂ ಬಿ.ಎಡ್‌ಗೂ ಹೀಗೆ. ಗಂಡ, ಮಗಳನ್ನು ಕರೆಸಿಕೊಳ್ಳಲು ಮದುವೆ ನೋಂದಣಿ ಪತ್ರ, ಜನನ ಪತ್ರಕ್ಕೂ ಅಟೆಸ್ಟೇಶನ್ ಬೇಕು.

ಇದಕ್ಕೆ ಬೇಕಾಗುವುದು ಘಟಿಕೋತ್ಸವ ಪ್ರಮಾಣಪತ್ರ. ತಾತ್ಕಾಲಿಕ ಪದವಿ ಪತ್ರ ಅಲ್ಲ. ನಮ್ಮಲ್ಲಿ ಎಷ್ಟೋ ಜನ ಮಾರ್ಕ್ಸ್ ಕಾರ್ಡ್, ತಾತ್ಕಾಲಿಕ ಪತ್ರ ಇಟ್ಟುಕೊಂಡೇ ಹತ್ತು ವರ್ಷ ಕೆಲಸ ಮಾಡಿರುತ್ತಾರೆ. ನನ್ನ ಬಳಿ ಘಟಿಕೋತ್ಸವದ್ದು ಇತ್ತು. ಜೊತೆಗೆ ಪದವಿ ಅಸಲಿ ಅಂತ ವಿಶ್ವವಿದ್ಯಾಲಯದಿಂದಲೇ ಒಂದು ಪತ್ರ ಬೇಕಾಯಿತು. ನಾನು ಬೆಂಗಳೂರಿನಲ್ಲಿ ಪರೀಕ್ಷೆಯ ಕೆಲಸದಲ್ಲಿ ಮುಳುಗಿದ್ದೆ. ಅಪ್ಪ ಶಿವಮೊಗ್ಗದಿಂದ ಬಸ್ಸಿನಲ್ಲಿ ಶಂಕರಘಟ್ಟಕ್ಕೆ ಹೋಗಿ, ಪರೀಕ್ಷಾ ವಿಭಾಗದಲ್ಲಿ ಚಲನ್ ಕಟ್ಟಿ, ಸಾಲಿನಲ್ಲಿ ನಿಂತು ಅರ್ಜಿ ಕೊಟ್ಟು ಬಂದರು. ಸಂಜೆ ಫೋನ್ ಮಾಡಿ, "ನಿನ್ನ ರಿಜಿಸ್ಟರ್ ನಂಬರ್ ಹೇಳಿದ ತಕ್ಷಣ ಲೆಡ್ಜರ್ ತೆಗೆದು ಹೆಸರು ತೋರಿಸಿದ್ರು ಕಣಮ್ಮ" ಅಂದರು. ಅವರ ದನಿಯಲ್ಲಿ ಅಷ್ಟು ಹಿಗ್ಗು ಇತ್ತು.

ಆದರೆ ಆ ಲೆಡ್ಜರಿನಲ್ಲಿರುವ ಹೆಸರು ಬೇರೆ, ಪಾಸ್‌ಪೋರ್ಟಿನಲ್ಲಿರುವುದು ಬೇರೆ. ಕರ್ನಾಟಕದವರಿಗೆ ಇದು ತಪ್ಪಿದ್ದಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್. ಒಂದು ಊರಿನದು, ಒಂದು ಅಪ್ಪನದು. ಪದವಿ ಪತ್ರದಲ್ಲೂ ಅದೇ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಪೂರ್ತಿ ಬಂದಿವೆ. ಎಚ್‌ಆರ್‌ನವರು "ನಿಮ್ಮ ಸರ್‌ನೇಮ್ ಯಾವುದು, ಈ ಎರಡು ಪತ್ರ ಒಬ್ಬರದೇನಾ?" ಅಂತ ಕೇಳಿದರು. ಕೇಳುವುದರಲ್ಲಿ ನ್ಯಾಯ ಇದೆ. ನೋಟರಿ ಬಳಿ ಹೋಗಿ ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್ ಮಾಡಿಸಿದೆ. ಸರ್‌ನೇಮ್ ಜಾಗವನ್ನು ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿದವರು ನಮ್ಮಲ್ಲಿ ಬಹಳ. ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು, ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ನಡೆಯುತ್ತದೆ ಅಂತ ಆಮೇಲೆ ಸೇರಿಸಿತು. ಹೊರದೇಶದ ಯೋಚನೆ ಇದ್ದರೆ ಪಾಸ್‌ಪೋರ್ಟ್ ತೆಗೆದು ಆ ಜಾಗ ಒಮ್ಮೆ ನೋಡಿಕೊಳ್ಳಿ. ಸರಿಪಡಿಸಲು ಸಮಯ ಹಿಡಿಯುತ್ತದೆ.

ಪೊಲೀಸ್ ಕ್ಲಿಯರೆನ್ಸ್ ಸಲೀಸಾಗಿ ಆಯಿತು. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ, 500 ರೂಪಾಯಿ ಶುಲ್ಕ, ಠಾಣೆಯಿಂದ ಒಂದು ಫೋನ್. ಕೆಎಚ್‌ಡಿಎ ಒಪ್ಪಿಗೆಗೆ ಬೇಕಾದ ಕಾಗದಗಳನ್ನು ಶಾಲೆಯವರೇ ಸಲ್ಲಿಸಿದರು. ಆಗಸ್ಟ್‌ನಲ್ಲಿ ದುಬೈಗೆ ಇಳಿದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಎಮಿರೇಟ್ಸ್ ಐಡಿ. ಎಲ್ಲ ಕಡೆ ಶಾಲೆಯವರೇ ಒಬ್ಬರನ್ನು ಜೊತೆಗೆ ಕಳಿಸಿದರು. ಮೊದಲ ವಾರ ಪಾಠವೇ ಇಲ್ಲ, ಬರೀ ತರಬೇತಿ. ಅದರಲ್ಲೂ ಮೊದಲ ದಿನ ಮಕ್ಕಳ ರಕ್ಷಣೆಯ ಬಗ್ಗೆಯೇ.

ಒಂದು ಮಾತು ಹೇಳಲೇಬೇಕು. ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಕೆಲಸಕ್ಕೆ ಬೇರೆ ಬೇರೆ ಸಂಬಳ ಕೊಡುವ ಶಾಲೆಗಳು ಈ ಲೋಕದಲ್ಲಿವೆ. ಎಲ್ಲಿಂದ ನೇಮಕ ಮಾಡಿಕೊಂಡರು ಅನ್ನುವುದರ ಮೇಲೆ ಮನೆ, ವಿಮಾನ ಟಿಕೆಟ್ ಬೇರೆಯಾಗುತ್ತದೆ. ಕೆಲವು ಕಡೆ ಪಾಸ್‌ಪೋರ್ಟ್ ನೋಡಿಯೂ ಬೇರೆಯಾಗುತ್ತದೆ. ಇದು ಅನ್ಯಾಯ. ಮಕ್ಕಳು ಬರೆಯುವ ಪರೀಕ್ಷೆ ಒಂದೇ, ನಾವು ತಿದ್ದುವ ಪುಸ್ತಕ ಒಂದೇ. ಅದಕ್ಕೇ ಇಂಟರ್‌ವ್ಯೂ ಕೊನೆಯಲ್ಲಿ "ನಿಮ್ಮ ಪ್ರಶ್ನೆ ಏನಾದರೂ ಇದೆಯೇ" ಅಂದಾಗ, "ಒಂದೇ ಸಂಬಳ ಶ್ರೇಣಿ ಎಲ್ಲರಿಗೂ ಇದೆಯೇ?" ಅಂತ ಕೇಳಿ. ನಾನು ಕೇಳಿದೆ. ಶ್ರೇಣಿಯ ಪಟ್ಟಿಯನ್ನೇ ಕಳಿಸಿದರು. ಬೇರೆ ಆಫರ್‌ಗೆ ಕಾಯದೆ ಈ ಶಾಲೆಗೆ ಒಪ್ಪಿಗೆ ಕೊಟ್ಟದ್ದು ಅದನ್ನು ನೋಡಿಯೇ.

ಈ ಅಂತರ ತಗ್ಗಿಸಲು ನಮ್ಮ ಕೈಯಲ್ಲಿ ಈಗ ಒಂದು ದಾರಿ ಇದೆ. ಇಂಗ್ಲೆಂಡ್‌ನ ಟೀಚರ್ ಅರ್ಹತೆಗೆ ಕ್ಯೂಟಿಎಸ್ ಅನ್ನುತ್ತಾರೆ. ಬ್ರಿಟಿಷ್ ಶಾಲೆಗಳು ಮೊದಲು ಹುಡುಕುವುದು ಅದನ್ನೇ. 2023ರ ಫೆಬ್ರವರಿಯಿಂದ ಭಾರತದ ಟೀಚರ್‌ಗಳೂ ಅದಕ್ಕೆ ಅರ್ಜಿ ಹಾಕಬಹುದು. ಆದರೆ 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇದ್ದವರಿಗೆ ಮಾತ್ರ. ಪದವಿ, ಟೀಚರ್ ತರಬೇತಿ, ಕನಿಷ್ಠ ಒಂದು ವರ್ಷದ ಅನುಭವ, ಇಂಗ್ಲಿಷ್‌ಗೆ ಪುರಾವೆ ಕೇಳುತ್ತಾರೆ. ಕಾಗದಗಳು ಹೇಗಿದ್ದರೂ ಕೈಯಲ್ಲಿದ್ದವು, ಇಲ್ಲಿಂದಲೇ ಅರ್ಜಿ ಹಾಕಿದೆ. ಆ ಅರ್ಜಿಗೆ ಶುಲ್ಕ ಇಲ್ಲ.